ಚೌತಿ, ಮೊಂತಿ ಮತ್ತು ‘ನೀವು ಯಾವ ಚರ್ಚು?’

2024ರಲ್ಲಿ ಗಣೇಶ ಚೌತಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು. ಮೊಂತಿ ಫೆಸ್ತ್ ಮಾರನೇ ದಿನ. ಮೊಂತಿ ತಿಥಿ, ನಕ್ಷತ್ರ ನೋಡುವುದಿಲ್ಲ. ಯಾವ ವರ್ಷವಾದರೂ ಸೆಪ್ಟೆಂಬರ್ 8. ಅದು ಮಾತೆ ಮರಿಯಮ್ಮನವರ ಹುಟ್ಟಿದ ದಿನ, ಕರಾವಳಿಯ ಕ್ಯಾಥೊಲಿಕರಿಗೆ ಹೊಸ ಅಕ್ಕಿ ಊಟದ ದಿನ. ಎರಡೂ ಹಬ್ಬ ಒಂದೇ ವಾರಾಂತ್ಯಕ್ಕೆ ಸಿಕ್ಕಿದ್ದರಿಂದ ಆಫೀಸಿನ ಗೆಳೆಯ ‘ಬಾ ಮಾರಾಯ, ನಮ್ಮನೆಯ ಊಟ ನೋಡು’ ಅಂದ. ನಾನು ಧಾರವಾಡದವನು, ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆಯವನು. ಅವನು ಮಂಗಳೂರು ಕ್ಯಾಥೊಲಿಕ್. ಹೊರಗಿನವರಿಗೆ ಇಬ್ಬರೂ ‘ಕ್ರಿಶ್ಚಿಯನ್ಸ್’, ಅಲ್ಲಿಗೆ ಮುಗಿಯಿತು. ನಮಗೆ ಮಾತ್ರ ಗೊತ್ತು, ನನಗೆ ಮೊಂತಿ ಅಂದರೆ ಏನು ಅಂತ ಅವನೇ ಹೇಳಬೇಕಾಯಿತು ಅಂತ.

ಶುಕ್ರವಾರ: ಶೆಟ್ಟಿಹಳ್ಳಿ, ಶಿರಾಡಿ

ಗೌರಿ ಹಬ್ಬದ ದಿನ ಬೆಂಗಳೂರು ಬಿಡುವವರಿಗೆ ಒಂದೇ ಮಾತು. ಐದು ಗಂಟೆಗೆ ಮೊದಲು ನೆಲಮಂಗಲ ದಾಟಿ, ಇಲ್ಲದಿದ್ದರೆ ಮನೆಯಲ್ಲೇ ಇರಿ. ನಾವು ಹೇಗೋ ದಾಟಿದೆವು. ಚನ್ನರಾಯಪಟ್ಟಣದ ಹತ್ತಿರ ಖಾರಾಬಾತ್ ತಿಂದು, ಹಾಸನ ತಲುಪಿ, ಅಲ್ಲಿಂದ ಶೆಟ್ಟಿಹಳ್ಳಿ ಕಡೆ ತಿರುಗಿದೆವು. ಹೇಮಾವತಿ ಹಿನ್ನೀರಿನ ಆ ಪಾಳು ಚರ್ಚಿನ ಫೋಟೊ ನೋಡದವರು ಕಡಿಮೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಮುಂದೆ ಗೊರೂರಿನ ಅಣೆಕಟ್ಟು ಬಂತು, ನೀರು ನಿಂತಿತು, ಊರು ಎದ್ದು ಹೋಯಿತು. ಚರ್ಚನ್ನು ಎತ್ತಿಕೊಂಡು ಹೋಗಲು ಆಗುತ್ತದೆಯೇ?

ಬೇಸಿಗೆಯಲ್ಲಿ ಹೋದರೆ ಒಳಗೆ ನಡೆದಾಡಬಹುದು. ಆ ವರ್ಷ ಮಳೆ ಚೆನ್ನಾಗಿತ್ತು, ಜಲಾಶಯ ತುಂಬಿತ್ತು. ಕಮಾನುಗಳ ಮೇಲ್ಭಾಗ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ತುಂತುರು ಮಳೆ, ತಣ್ಣನೆ ಗಾಳಿ. ದಡದಲ್ಲಿ ಒಂದು ಜೋಡಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುತ್ತಿತ್ತು. ಹುಡುಗಿಯ ಉದ್ದನೆಯ ಕೆಂಪು ಗೌನಿನ ಅಂಚು ಪೂರ್ತಿ ಕೆಸರು. ಹಿಂದೆ ಒಬ್ಬ ಹುಡುಗ ಬಟ್ಟೆ ಎತ್ತಿ ಗಾಳಿಗೆ ಬಿಡುವುದು, ಓಡಿ ಹೋಗಿ ಬಗ್ಗುವುದು, ಮತ್ತೆ ಬಂದು ಎತ್ತುವುದು. ಸ್ವಲ್ಪ ಹೊತ್ತು ನಾವು ಚರ್ಚು ಬಿಟ್ಟು ಅವನನ್ನೇ ನೋಡಿದೆವು.

ವಾಪಸ್ ಹೊರಟಾಗ ಕಾರಿನ ಹಿಂದಿನ ಚಕ್ರ ಹುದುಲಲ್ಲಿ ಕೂತಿತು. ಆ್ಯಕ್ಸಿಲರೇಟರ್ ಒತ್ತಿದಷ್ಟೂ ಕೆಳಗಿಳಿಯಿತು. ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು, ಏನೂ ಮಾತಾಡದೆ, ಬೇಲಿಯ ಪಕ್ಕದ ಚಪ್ಪಡಿ ಕಲ್ಲು ಎಳೆದು ತಂದು ಚಕ್ರದ ಕೆಳಗೆ ಇಟ್ಟರು. ಹತ್ತು ನಿಮಿಷದಲ್ಲಿ ಕಾರು ಮೇಲೆ ಬಂತು. ಮಳೆಗಾಲದಲ್ಲಿ ಹೋಗುವವರು ಗಾಡಿಯನ್ನು ಡಾಂಬರಿನ ಮೇಲೇ ಬಿಟ್ಟು ನಡೆದು ಹೋಗಿ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಗೆಳೆಯನ ಕೊರಳಲ್ಲಿದ್ದ ಜಪಸರ ನೋಡಿ, ‘ನೀವು ನಮ್ಮೋರಾ?’ ಅಂದರು. ಅವನು ಹೌದೆಂದ. ನನ್ನ ಕಡೆ ತಿರುಗಿದರು.

‘ನಾನು ಸಿ.ಎಸ್.ಐ.’

‘ಓ, ಅವ್ರಾ?’

ಅಷ್ಟೇ. ಕೋಪ ಇಲ್ಲ, ಬೇಸರ ಇಲ್ಲ. ಪಕ್ಕದ ಬೀದಿಯವನು ಅಂತ ಗೊತ್ತಾದ ಹಾಗೆ. ಆಮೇಲೆ ಅವರೇ ಮಾತು ತೆಗೆದರು. ನೀರು ಬಂದಾಗ ಅವರು ಚಿಕ್ಕ ಹುಡುಗ. ಅಪ್ಪ ಅಮ್ಮನ ಮದುವೆ ಆಗಿದ್ದು ಇದೇ ಚರ್ಚಿನಲ್ಲಂತೆ. ‘ಈಗ ಇಲ್ಲಿ ಮದುವೆ ಇಲ್ಲ, ಬರೀ ಫೋಟೊ’ ಅಂದು ಗೌನಿನ ಕಡೆ ನೋಡಿ ನಕ್ಕರು. ಭಾನುವಾರ ಎಲ್ಲಿಗೆ ಹೋಗ್ತೀರಿ ಅಂದಾಗ, ಇದೆಂಥ ಪ್ರಶ್ನೆ ಅನ್ನುವ ಹಾಗೆ, ‘ನಾವು ಎಲ್ಲಿಗೆ ಬಂದ್ವೋ ಅಲ್ಲಿ ಕಟ್ಕೊಂಡ್ವಿ’ ಅಂದರು.

ಹಾಸನದ ಸುತ್ತ ಕ್ರೈಸ್ತರ ಕಥೆ ತುಂಬಾ ಹಳೆಯದು. ಹತ್ತಿರದ ಸಾತಳ್ಳಿಯಲ್ಲಿ ಅಬ್ಬೆ ದುಬೊಯಿಸ್ ಇದ್ದರು. ಫ್ರಾನ್ಸಿನ ಪಾದ್ರಿ, ಆದರೆ ಕಾವಿ ಉಟ್ಟು, ಸಸ್ಯಾಹಾರ ತಿಂದು, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿಯವರು’ ಆದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಸೇರಿಸುವ ಕೆಲಸಕ್ಕೆ ಶ್ರೀರಂಗಪಟ್ಟಣದ ಕಡೆ ಬಂದವರು. ಟಿಪ್ಪುವಿನ ಸೆರೆಯಲ್ಲಿ ಹದಿನೈದು ವರ್ಷ ಮುಸ್ಲಿಮರಾಗಿ ಬದುಕಿದ್ದವರನ್ನು ಮತ್ತೆ ಒಳಗೆ ಕರೆದುಕೊಳ್ಳಬೇಕಿತ್ತು. ಬಡವರಿಗೆ ಸಾತಳ್ಳಿಯಲ್ಲಿ ಹೊಲ ಮಾಡಿಸಿಕೊಟ್ಟರು, ಸಿಡುಬಿಗೆ ಲಸಿಕೆ ಹಾಕಿಸಿದರು. ಕೊನೆಗೆ 1823ರಲ್ಲಿ ಇಂಡಿಯಾ ಬಿಟ್ಟು ಹೋಗುವ ಹೊತ್ತಿಗೆ, ಇಲ್ಲಿಯ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಎಂದು ಬರೆದುಬಿಟ್ಟರು! ಆ ಮಾತಿಗೆ ಬೇರೆ ಮಿಶನರಿಗಳು ಉರಿದುಬಿದ್ದರು. ನನಗೆ ಮಾತ್ರ ಆ ಮನುಷ್ಯ ಇಷ್ಟ. ಹೊಸಬರನ್ನು ಎಣಿಸುವುದಕ್ಕಿಂತ ಇದ್ದವರಿಗೆ ಅನ್ನ ಹುಟ್ಟಿಸುವುದರಲ್ಲಿ ಹೆಚ್ಚು ತಲೆ ಕೆಡಿಸಿಕೊಂಡವರು.

ಸಕಲೇಶಪುರ ದಾಟಿದ ಮೇಲೆ ಮಳೆ ಜೋರಾಯಿತು. ಶಿರಾಡಿಯಲ್ಲಿ ಗ್ಯಾಸ್ ಟ್ಯಾಂಕರ್‌ಗಳ ಸಾಲು, ಮಂಜು, ಹೊಂಡ. ವೈಪರ್ ಎಷ್ಟು ಓಡಿದರೂ ಸಾಲದು. ಉಪ್ಪಿನಂಗಡಿಯಲ್ಲಿ ಗೋಳಿಬಜೆ, ಚಹಾ. ಬಂಟ್ವಾಳದಿಂದ ಆಚೆ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಅಡಿಕೆ ತೋಟದ ಮಧ್ಯೆ ಗೆಳೆಯನ ಮನೆ. ಅವನಮ್ಮ ಬಾಗಿಲಲ್ಲೇ ಟವೆಲ್ ಹಿಡಿದು ನಿಂತಿದ್ದರು. ‘ತಲೆ ಒರೆಸಿಕೊಳ್ಳಿ ಮೊದಲು, ಮಾತು ಆಮೇಲೆ.’ ರಾತ್ರಿ ಊಟಕ್ಕೆ ಮೊದಲು ಮನೆಯ ಆಲ್ತಾರಿನ (ದೇವರ ಪೀಠ) ಮುಂದೆ ತೇರ್ಸ್ ಅಂದರೆ ಜಪಸರದ ಪ್ರಾರ್ಥನೆ, ಕೊಂಕಣಿಯಲ್ಲಿ. ನನಗೆ ಒಂದಕ್ಷರ ಗೊತ್ತಿಲ್ಲ. ನಾಯಿ ಕೂಡ ಬಂದು ಚಾಪೆಯ ತುದಿಯಲ್ಲಿ ಮಲಗಿತು, ಅದಕ್ಕೆ ಅಭ್ಯಾಸವಾಗಿದೆ.

ಶನಿವಾರ: ಮಂಗಳೂರು ಪೇಟೆ

ಚೌತಿಯ ದಿನ ಪೇಟೆಯಲ್ಲಿ ಅರ್ಧ ಅಂಗಡಿ ಮುಚ್ಚಿರುತ್ತವೆ, ಆದರೆ ಕಬ್ಬು ಎಲ್ಲಿ ನೋಡಿದರೂ ಸಿಗುತ್ತದೆ. ಚೌತಿಗೂ ಕಬ್ಬು ಬೇಕು, ಮೊಂತಿಗೂ ಕಬ್ಬು ಬೇಕು. ವ್ಯಾಪಾರಿ ‘ಇವತ್ತಿಗಾ, ನಾಳೆಗಾ?’ ಅಂತ ಕೇಳಿ ಕಟ್ಟಿಕೊಡುತ್ತಿದ್ದ. ಬೆಲೆಯಲ್ಲಿ ಮಾತ್ರ ಭೇದಭಾವ ಇಲ್ಲ, ಇಬ್ಬರಿಗೂ ಜಾಸ್ತಿ.

ಬೆಳಿಗ್ಗೆ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದೆವು. ಜನ ಕಡಿಮೆ ಇರುವ ಹೊತ್ತಿಗೆ ಹೋಗಿ, ಬೆಂಚಿನಲ್ಲಿ ಕೂತು ತಲೆ ಎತ್ತಿ ನೋಡಿ. ಆಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಜೆಸ್ವಿಟ್ ಬ್ರದರ್ 1899ರಿಂದ ಸುಮಾರು ಎರಡು ವರ್ಷ ಈ ಗೋಡೆ, ಈ ಮಾಡಿನ ಮೇಲೆ ಚಿತ್ರ ಬರೆದರು. ಮಂಗಳೂರಿನ ಆರ್ದ್ರತೆಗೆ ನನ್ನ ಶರ್ಟೇ ಒಂದು ಗಂಟೆ ತಡೆಯುವುದಿಲ್ಲ, ಆ ಬಣ್ಣ ನೂರು ವರ್ಷ ದಾಟಿದೆ. ಅಲ್ಲಿಂದ ಹಂಪನಕಟ್ಟೆಯ ಮಿಲಾಗ್ರಿಸ್. 1680ರಲ್ಲಿ ಶುರುವಾದ ಈ ಚರ್ಚಿಗೆ ಜಾಗ ಕೊಟ್ಟದ್ದು ಕೆಳದಿಯ ಚೆನ್ನಮ್ಮ ರಾಣಿ. ಗೋವಾದಲ್ಲಿ ತೆರಿಗೆ, ಬರ, ಯುದ್ಧ, ಅದರ ಮೇಲೆ ಪೋರ್ಚುಗೀಸರ ಇನ್‌ಕ್ವಿಸಿಶನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಕೋರ್ಟಿನ ಕಾಟ. ಬೇಸತ್ತು ಇತ್ತ ಬಂದ ಕೊಂಕಣಿ ಕ್ರೈಸ್ತರು ಒಳ್ಳೆ ಬೇಸಾಯಗಾರರು ಅಂತ ಕೆಳದಿಯವರು ಗದ್ದೆ ಕೊಟ್ಟು ಇರಿಸಿಕೊಂಡರು. ಕ್ರೈಸ್ತ ದೊರೆಗಳ ಕಾಟಕ್ಕೆ ಓಡಿ ಬಂದ ಕ್ರೈಸ್ತರಿಗೆ ಲಿಂಗಾಯತ ರಾಣಿಯ ನೆಲ. ಇದನ್ನು ಈಗಿನ ಟಿವಿ ಚರ್ಚೆಯಲ್ಲಿ ಯಾರಿಗಾದರೂ ಅರ್ಥ ಮಾಡಿಸಿ ನೋಡೋಣ.

ಮಧ್ಯಾಹ್ನ ಬನ್ಸ್, ಮೀನಿಲ್ಲದ ಊಟ, ಮೇಲೊಂದು ಗಡ್‌ಬಡ್ ಐಸ್‌ಕ್ರೀಂ. ಸಂಜೆ ನನ್ನ ಸರದಿ. ಬಲ್ಮಠ.

ಧಾರವಾಡದಲ್ಲಿ ಬೆಳೆದ ಪ್ರೊಟೆಸ್ಟಂಟ್ ಮಕ್ಕಳಿಗೆ ಬಲ್ಮಠ ಅಂದರೆ ಅಜ್ಜನ ಊರು ಇದ್ದಂತೆ, ನೋಡದಿದ್ದರೂ ಗೊತ್ತು. 1834ರ ಅಕ್ಟೋಬರ್ ಕೊನೆಗೆ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್‌ನವರು (ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆ) ಮಂಗಳೂರಿಗೆ ಬಂದರು. ಮುಂದೆ ಮೊಗ್ಲಿಂಗ್ ಬಂದು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಆ ದಿನವನ್ನೇ ಈಗ ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಬಂತು. ಇದೆಲ್ಲ ಶಾಲೆಯಲ್ಲಿ ಓದಿದ್ದು. ಶಾಂತಿ ಕೆಥೆಡ್ರಲ್‌ನಲ್ಲಿ ಆ ಸಂಜೆ ಕೇಳಿದ್ದು ಬೇರೆ.

ಭಾನುವಾರದ ಆರಾಧನೆಗೆ ಗಾಯನ ಮಂಡಳಿಯ ಅಭ್ಯಾಸ ನಡೆಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತೆವು. ಹಾಡು ಗೊತ್ತಿದ್ದದ್ದೇ. ಸುಮ್ನೆ ಕೂರಲಾಗದೆ ಟೆನರ್, ಅಂದರೆ ಗಂಡಸರ ಮೇಲಿನ ಸ್ವರ ಗುನುಗಿದೆ. ಆರ್ಗನ್ ಪಕ್ಕದಲ್ಲಿದ್ದ ವಯಸ್ಸಾದ ಅಮ್ಮ ಕನ್ನಡಕದ ಮೇಲಿಂದ ನೋಡಿ, ‘ಅಲ್ಲಿ ಎಂತ ಮಾಡುವುದು, ಇಲ್ಲಿ ಬನ್ನಿ. ನಮಗೆ ಟೆನರ್ ಕಡಿಮೆ ಉಂಟು’ ಅಂದರು. ಹೋದೆ. ‘ನೀವು ಯಾವ ಚರ್ಚು?’

‘ಧಾರವಾಡ. ಹೆಬಿಕ್ ಮೆಮೋರಿಯಲ್.’

‘ಹಾಗಾದರೆ ನಮ್ಮವರೇ.’

ನಾನು ಬೆಂಗಳೂರಿಗೆ ಬಂದ ಮೇಲೆ ಚರ್ಚಿಗೆ ಹೋಗುವುದು ಕ್ರಿಸ್ಮಸ್‌ಗೆ, ಮದುವೆಗಳಿಗೆ. ಅವರು ಅದನ್ನು ಕೇಳಲಿಲ್ಲ. ಪುಸ್ತಕ ಕೈಗೆ ಕೊಟ್ಟು ಪುಟ ತೋರಿಸಿದರು.

ಅಭ್ಯಾಸ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಮಾತಾಡಿದೆವು. ಅವರ ಮುತ್ತಜ್ಜ ಬಿಲ್ಲವರು. ಶೇಂದಿ ಇಳಿಸುವ ಕಸುಬು. ದೀಕ್ಷಾಸ್ನಾನ ತೆಗೆದುಕೊಂಡ ವಾರದಲ್ಲೇ ಮನೆಯಿಂದ ಹೊರಗೆ. ಹೊಸ ಧರ್ಮದಲ್ಲಿ ಹೆಂಡದ ಕೆಲಸ ಮಾಡುವ ಹಾಗಿಲ್ಲ, ಹಳೆಯ ಜನರ ಗದ್ದೆಗೆ ಇಳಿಯುವ ಹಾಗಿಲ್ಲ. ‘ಪಾಪ, ಸ್ವರ್ಗ ಸಿಕ್ಕಿತು, ಗಂಜಿ ಇಲ್ಲ’ ಅಂದರು ಅಮ್ಮ. ಇಂಥ ನೂರಾರು ಜನರಿಗೆ ಕೆಲಸ ಕೊಡಲಿಕ್ಕೇ ಮಿಶನ್‌ನವರು ಮಗ್ಗ ಹಾಕಿದ್ದು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು, ಆ ಮುತ್ತಜ್ಜ ಅಲ್ಲಿ ಮಣ್ಣು ತುಳಿದವರು. ಊರಿನವರು ಇವರನ್ನು ಅಕ್ಕಿಗಾಗಿ ಜಾತಿ ಬಿಟ್ಟವರು ಅಂತ ಆಡಿಕೊಂಡರು. ಆದರೆ ಲೆಕ್ಕ ಹಾಕಿ ನೋಡಿ. ಜಾತಿ, ಮನೆ, ಪಾಲು, ಕಸುಬು ಎಲ್ಲ ಬಿಟ್ಟು ದಿನಗೂಲಿಗೆ ಮಣ್ಣು ತುಳಿಯುವುದು ಯಾವ ಲಾಭದ ವ್ಯಾಪಾರ? ಮೆಚ್ಚುವುದರ ಜೊತೆಗೆ ಇದನ್ನೂ ಹೇಳಬೇಕು. ಸಭೆಯ ಯಜಮಾನ, ಕಾರ್ಖಾನೆಯ ಯಜಮಾನ, ಬಾಡಿಗೆ ಮನೆಯ ಯಜಮಾನ ಮೂವರೂ ಒಬ್ಬರೇ ಆದರೆ ಬಡವನಿಗೆ ಉಸಿರಾಡಲು ಜಾಗ ಎಷ್ಟಿರುತ್ತದೆ? ಅಮ್ಮ ಅದಕ್ಕೂ ತಲೆ ಆಡಿಸಿದರು. ‘ಆದಿತ್ಯವಾರ ಚರ್ಚಿಗೆ ಬರದಿದ್ದರೆ ಸೋಮವಾರ ಕೇಳುತ್ತಿದ್ದರಂತೆ.’

ದಾರಿಯಲ್ಲಿ ಗೆಳೆಯ ಕೇಳಿದ, ‘ನಿನ್ನ ಹೆಸರು ಈಗಲೂ ಧಾರವಾಡದ ಲಿಸ್ಟಲ್ಲಿ ಉಂಟಾ?’ ಉಂಟು. ನಮ್ಮಲ್ಲಿ ಕೂಸಿದ್ದಾಗ ದೀಕ್ಷಾಸ್ನಾನ, ದೊಡ್ಡವರಾದ ಮೇಲೆ ಪಾಠ ಕಲಿತು ಬಿಷಪ್ಪರ ಕೈಯಿಂದ ದೃಢೀಕರಣ, ಆಮೇಲೆ ಕರ್ತನ ಭೋಜನಕ್ಕೆ ಹಕ್ಕು, ಸಭೆಯ ಪಟ್ಟಿಯಲ್ಲಿ ಹೆಸರು. ಪಟ್ಟಿಯಲ್ಲಿ ಉಳಿಯಬೇಕಾದರೆ ವಂತಿಗೆ. ನನ್ನದನ್ನು ಅವ್ವ ಕಟ್ಟುತ್ತಾಳೆ, ಪ್ರತಿ ವರ್ಷ, ನನ್ನನ್ನು ಕೇಳದೆ. ರಸೀದಿಯ ಫೋಟೊ ವಾಟ್ಸ್ಆ್ಯಪ್‌ಗೆ ಬರುತ್ತದೆ, ಜೊತೆಗೆ ಒಂದು ಮಾತೂ ಇರುವುದಿಲ್ಲ.

ಭಾನುವಾರ: ಹೊಸ ಅಕ್ಕಿ

ಏಳು ಗಂಟೆಗೇ ಚರ್ಚಿನ ಅಂಗಳ ತುಂಬಿತ್ತು. ಒಂಬತ್ತು ದಿನದಿಂದ ಮಕ್ಕಳು ದಿನಾ ಹೂ ತರುತ್ತಿದ್ದಾರೆ, ಇವತ್ತು ಕೊನೆ. ಗೊರಟೆ, ದಾಸವಾಳ, ಗುಲಾಬಿ ಎಸಳು, ಹೆಸರು ಗೊತ್ತಿಲ್ಲದ ಬೇಲಿ ಹೂಗಳು. ಪುಟ್ಟ ಮರಿಯಮ್ಮನ ಮೂರ್ತಿಗೆ ಹಾಡುತ್ತಾ ಹೂ ಎಸೆಯುತ್ತಾರೆ. ಮೂರ್ತಿಗೆ ಬಿದ್ದದ್ದಕ್ಕಿಂತ ಮುಂದಿನ ಸಾಲಿನ ಹುಡುಗಿಯರ ತಲೆಗೆ ಬಿದ್ದದ್ದೇ ಜಾಸ್ತಿ. ಭತ್ತದ ಕದಿರಿನ ಕಟ್ಟಿಗೆ ಪಾದ್ರಿಗಳು ಆಶೀರ್ವಾದ ಮಾಡಿದರು, ಬ್ಯಾಂಡು ಬಾರಿಸಿತು, ಕೊಡೆಗಳ ಮೆರವಣಿಗೆ ಒಳಗೆ ಹೋಯಿತು. ಬಿಳಿ ಶರ್ಟ್ ಹಾಕಬೇಡಿ, ಹೂವಿನ ಕಲೆ ಹೋಗುವುದಿಲ್ಲ.

ಬಲಿಪೂಜೆ ಕೊಂಕಣಿಯಲ್ಲಿ. ಪದ ಗೊತ್ತಿಲ್ಲ, ಆದರೆ ಯಾವಾಗ ಏನು ನಡೆಯುತ್ತಿದೆ ಅಂತ ತಿಳಿಯುತ್ತದೆ. ನಮ್ಮ ಆರಾಧನಾ ಕ್ರಮದ ಎಲುಬೂ ಅದೇ. ಪರಮಪ್ರಸಾದದ ಹೊತ್ತಿಗೆ ಸಾಲು ಸಾಲಾಗಿ ಎಲ್ಲರೂ ಎದ್ದರು. ನಾನು ಕೂತೇ ಇದ್ದೆ. ಕ್ಯಾಥೊಲಿಕರಲ್ಲದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ ಅಂತ ಗೊತ್ತಿತ್ತು. ಗೊತ್ತಿರುವುದು ಬೇರೆ, ಇಡೀ ಬೆಂಚು ಎದ್ದು ಹೋದ ಮೇಲೆ ಒಬ್ಬನೇ ಕೂರುವುದು ಬೇರೆ. ಮೊಣಕಾಲು ಸರಿಸಿ ದಾರಿ ಕೊಡುತ್ತಾ ಕೂತೆ. ನನ್ನ ಹಾಗೆ ಕೂತ ಇನ್ನೊಬ್ಬರು ಮುಂದೆ ಇದ್ದರು. ಅವರ ಕಾರಣ ಅವರಿಗೆ.

ಪೂಜೆ ಮುಗಿದು ಹೊರಗೆ ಬಂದರೆ ಬಾಗಿಲಲ್ಲಿ ಕದಿರು ಹಂಚುತ್ತಿದ್ದರು. ಮನೆಗೊಂದು ಕದಿರು. ಹಂಚುತ್ತಿದ್ದವರು ಆ ವಾಡೊದ ಗುರ್ಕಾರರು. ವಾಡೊ ಅಂದರೆ ಚರ್ಚಿನ ವಾರ್ಡು, ಗುರ್ಕಾರರು ಅದರ ಹಿರಿಯರು. ನನಗೂ ಒಂದು ಕೊಟ್ಟರು. ನಾನು ಬೇರೆ ಚರ್ಚಿನವನು ಅಂದೆ. ‘ಅದಕ್ಕೆಂತ? ಭತ್ತ ಅಲ್ವಾ’ ಅಂದು ಮುಂದಿನವರಿಗೆ ಕೈ ಚಾಚಿದರು. ಮಕ್ಕಳು ಕಬ್ಬಿಗೆ ಆಗಲೇ ಜಗಳ ಶುರು ಮಾಡಿದ್ದರು.

ಮನೆಯಲ್ಲಿ ಕದಿರನ್ನು ಆಲ್ತಾರಿನ ಮೇಲಿಟ್ಟು ಪ್ರಾರ್ಥನೆ. ಆಮೇಲೆ ಕಾಳು ಸುಲಿದು, ಅರೆದು, ತೆಂಗಿನ ಹಾಲು ಬೆಲ್ಲಕ್ಕೆ ಹಾಕಿ, ಮನೆಯ ಹಿರಿಯ ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಇದು ನೊವೆಂ. ಇದನ್ನು ತಿಂದ ಮೇಲೆಯೇ ಊಟ. ಬಾಳೆ ಎಲೆ, ಪೂರ್ತಿ ಸಸ್ಯಾಹಾರ. ಕೆಸುವಿನ ದಂಟು, ಬೆಂಡೆ, ಹಾಗಲ, ಗೇರುಬೀಜ ಹಾಕಿದ ತೊಂಡೆಕಾಯಿ, ಬಸಳೆ, ಹಲಸಿನ ಗುಜ್ಜೆ, ಕೊನೆಗೆ ಕಡಲೆಬೇಳೆಯ ವೊರ್ನ್. ಬಗೆಗಳ ಸಂಖ್ಯೆ ಬೆಸ ಇರಬೇಕು. ಹಂದಿ ಮಾಂಸ, ಸಾನ್ನಾಂ ಸಿಗುತ್ತದೆ ಅಂತ ಮಂಗಳೂರು ಕ್ಯಾಥೊಲಿಕರ ಮನೆಗೆ ಹೊರಟವರು ಈ ದಿನ ಬಿಟ್ಟು ಬೇರೆ ದಿನ ಹೋಗಿ. ನನಗೆ ಕೆಸುವಿನ ದಂಟಿನ ಪಲ್ಯ ಎಷ್ಟು ಹಿಡಿಸಿತೆಂದರೆ, ಆಂಟಿ, ಅಂದರೆ ಗೆಳೆಯನ ಅಮ್ಮ, ಮೂರನೇ ಸಲ ಕೇಳದೆಯೇ ಬಡಿಸಿದರು.

ಕುವೈತ್‌ನಲ್ಲಿರುವ ಮಗಳಿಗೆಂದು ಕೆಲವು ಕಾಳು ಲಕೋಟೆಗೆ ಹೋದವು. ಹಿಂದೆ ಮುಂಬೈಗೆ ದುಡಿಯಲು ಹೋದವರಿಗೂ ಹೀಗೇ ಅಂಚೆಯಲ್ಲಿ ಹೋಗುತ್ತಿತ್ತಂತೆ. ಎರಡನೇ ಲಕೋಟೆಗೆ ಕಾಳು ಹಾಕುತ್ತಾ ಆಂಟಿ ಕೇಳಿದರು, ‘ನಿಮ್ಮ ಅಮ್ಮನ ವಿಳಾಸ ಹೇಳಿ.’

ಊಟದ ಮಧ್ಯೆಯೇ ವಾದ ಶುರುವಾಗಿತ್ತು. ‘ನೀವು ಕುಮ್ಗಾರ್ (ಪರಮಪ್ರಸಾದ) ಯಾಕೆ ತೆಗೆದುಕೊಳ್ಳಲಿಲ್ಲ?’ ಅಂತ ಆಂಟಿ ಕೇಳಿದ್ದೇ ತಡ, ಬ್ಯಾಂಕಿನಿಂದ ನಿವೃತ್ತರಾದ ಗೆಳೆಯನ ಚಿಕ್ಕಪ್ಪ ಕೈ ತೊಳೆಯದೆ ನಿಯಮ ಹೇಳಲು ಕೂತರು. ನನ್ನ ದೀಕ್ಷಾಸ್ನಾನವನ್ನು ಅವರ ಚರ್ಚು ಒಪ್ಪುತ್ತದೆ. ನಾಳೆ ನಾನು ಕ್ಯಾಥೊಲಿಕ್ ಆದರೂ ಮತ್ತೆ ನೀರು ಹಾಕುವುದಿಲ್ಲ. ಆದರೆ ಪ್ರಸಾದ ಇಲ್ಲ. ಅವರ ಹುಡುಗಿಯನ್ನು ನಾನು ಮದುವೆಯಾಗಬೇಕಾದರೆ ಬಿಷಪ್ಪರ ಅನುಮತಿ ಬೇಕು, ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ಹುಡುಗಿ ಮಾತು ಕೊಡಬೇಕು.

‘ಅಂದರೆ ಬಾಗಿಲ ಒಳಗೆ ಬರಬಹುದು, ಊಟಕ್ಕೆ ಕೂರುವ ಹಾಗಿಲ್ಲ’ ಅಂದ ಗೆಳೆಯ.

‘ಹಾಗಲ್ಲ. ಪಂಕ್ತಿ ಒಂದೇ ಆಗಬೇಕಾದರೆ ಮನೆ ಒಂದೇ ಆಗಬೇಕು. ಒಂದಾಗಿದ್ದೇವೆ ಅಂತ ಸುಳ್ಳು ಹೇಳುವುದು ಬೇಡ ಅಂತ.’

ಚಿಕ್ಕಪ್ಪನ ಮಾತು ತಳ್ಳಿಹಾಕುವಂಥದ್ದಲ್ಲ. ನಮ್ಮಲ್ಲಿ ಬೇರೆ ಸಭೆಯ ದೃಢೀಕರಣವಾದವರು ಬಂದರೆ ಭೋಜನಕ್ಕೆ ಕರೆಯುತ್ತಾರೆ. ಸಿ.ಎಸ್.ಐ. ಹುಟ್ಟಿದ್ದೇ ಹಾಗೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರೆಗೇಶನಲ್ ಸಭೆಗಳವರು ಸೇರಿ ಒಂದಾದರು. ದೇಶ ಒಡೆದ ವರ್ಷ ಚರ್ಚುಗಳು ಕೂಡಿದವು. ನಮ್ಮ ಬಾಸೆಲ್ ಮಿಶನ್ ಸಭೆಗಳು ಕರ್ನಾಟಕದಲ್ಲಿ ಸ್ವಲ್ಪ ತಡವಾಗಿ ಸೇರಿಕೊಂಡವು. ಇದನ್ನು ನಾನು ಹೆಮ್ಮೆಯಿಂದ ಹೇಳಿದೆ. ಗೆಳೆಯ ತಣ್ಣಗೆ, ‘ಒಂದಾಗಿ ಈಗ ಕೋರ್ಟಿನಲ್ಲಿ ಎಷ್ಟು ಕೇಸು?’ ಅಂದ. ಆಸ್ತಿ ಜಗಳದ ವಿಷಯ ಬಂದರೆ ನಮ್ಮವರ ಬಾಯಿ ಮುಚ್ಚುತ್ತದೆ, ನನ್ನದೂ ಮುಚ್ಚಿತು. ‘ನಿಮ್ಮಲ್ಲಿ ಬಾಮಣ್, ಚಾರಡಿ ಅಂತ ಜಾತಿ ನೋಡದೆ ಎಷ್ಟು ಮದುವೆ ಆಗುತ್ತವೆ?’ ಅಂತ ನಾನೂ ಕೇಳಿದೆ. ಆಂಟಿ ಪಾಯಸದ ಪಾತ್ರೆ ತಂದು ಇಬ್ಬರ ಮಧ್ಯೆ ಇಟ್ಟರು.

ಸಂಜೆ ಗುರ್ಕಾರರು ಚಹಾಕ್ಕೆ ಬಂದರು. ಗುರ್ಕಾರಿಕೆ ಅಂದರೆ ಏನು ಕೆಲಸ ಅಂತ ಕೇಳಿದೆ. ‘ಯಾರಿಗೆ ಹುಷಾರಿಲ್ಲ ಅಂತ ಫಾದರ್‌ಗೆ ಹೇಳಬೇಕು. ಯಾರ ಮನೆಯಲ್ಲಿ ಮಾತು ಬಿಟ್ಟಿದ್ದಾರೆ ಅಂತ ತಿಳಿದೂ ತಿಳಿಯದ ಹಾಗೆ ಇರಬೇಕು. ಯಾರಾದರೂ ತೀರಿಕೊಂಡರೆ ಮೊದಲ ಫೋನು ನನಗೆ.’ ಚರ್ಚಿಗೇ ಬರದವರು? ಅಂಥವರೂ ಇದ್ದಾರಂತೆ, ವರ್ಷಗಟ್ಟಲೆ ಮುಖ ತೋರಿಸದವರು. ‘ಅವರ ಮನೆಗೂ ಹೋಗ್ತೇನೆ. ಚಹಾ ಕೊಡ್ತಾರೆ, ಕುಡಿದು ಬರ್ತೇನೆ. ಬನ್ನಿ ಅಂತ ಹೇಳುವುದಿಲ್ಲ. ಸತ್ತಾಗ ನಾವೇ ಹೊರಬೇಕಲ್ಲ, ಗುರುತು ಇರಲಿ.’

ಪಾದ್ರಿಗಳ ಪ್ರಸಂಗ ಅರ್ಥವಾಗಿರಲಿಲ್ಲ. ಇದು ಅರ್ಥವಾಯಿತು.

ಸೋಮವಾರ: ಅತ್ತೂರು, ವಾಪಸ್

ರಜೆ ಹಾಕಿದ್ದರಿಂದ ಕಾರ್ಕಳದ ಅತ್ತೂರಿಗೂ ಹೋಗಿಬಂದೆವು. ಸಂತ ಲಾರೆನ್ಸರ ಚರ್ಚು, 2016ರಲ್ಲಿ ಬಸಿಲಿಕಾ ಆಯಿತು. ಜನವರಿಯ ಜಾತ್ರೆಗೆ ಕಾಲಿಡಲು ಜಾಗ ಇರುವುದಿಲ್ಲ. ಸೆಪ್ಟೆಂಬರ್‌ನ ಸೋಮವಾರ ಬರೀ ಮಳೆ, ನಾವು, ಮತ್ತು ಮೇಣದ ಬತ್ತಿಗೆ ಬೆಂಕಿ ಹಚ್ಚಲು ಒದ್ದಾಡುತ್ತಿದ್ದ ಒಬ್ಬ ಹೆಂಗಸು. ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಚೌತಿಯ ಹೂವು ಇನ್ನೂ ಇತ್ತು. ಗೆಳೆಯ ಕೊಡೆ ಅಡ್ಡ ಹಿಡಿದ, ಬತ್ತಿ ಹತ್ತಿತು. ಮಗನಿಗೆ ಕೆಲಸ ಸಿಕ್ಕಿದೆ, ಹರಕೆ ತೀರಿಸಲು ಬಂದದ್ದು ಅಂದರು. ಇಲ್ಲಿಯ ಪುಷ್ಕರಿಣಿಯ ನೀರನ್ನು ಬಾಟಲಿಗೆ ತುಂಬಿಸಿಕೊಂಡರು. ‘ನೀವು ಯಾವ ಚರ್ಚು?’ ಅಂತ ನಮ್ಮನ್ನು ಕೇಳದೆ ಇದ್ದವರು ಈ ಪ್ರವಾಸದಲ್ಲಿ ಅವರೊಬ್ಬರೇ. ಅವರು ಯಾವ ರಿಜಿಸ್ಟರಿನಲ್ಲೂ ಇಲ್ಲ, ಆದರೆ ಬತ್ತಿ ಎಲ್ಲಿ ಕೊಳ್ಳಬೇಕು, ಯಾವ ಬಾಗಿಲಿನಿಂದ ಹೋದರೆ ಕಾಲು ಒದ್ದೆಯಾಗುವುದಿಲ್ಲ ಅಂತ ನಮಗೆ ತೋರಿಸಿದ್ದು ಅವರೇ.

ವಾಪಸ್ ದಾರಿಯ ಬಗ್ಗೆ ಹೇಳುವಂಥದ್ದು ಏನಿಲ್ಲ. ಘಾಟಿಯಲ್ಲಿ ಒಂದು ಗಂಟೆ ನಿಂತೆವು, ನೆಲಮಂಗಲದಲ್ಲಿ ಇನ್ನೊಂದು ಗಂಟೆ.

ಲಕೋಟೆ ಧಾರವಾಡಕ್ಕೆ ತಲುಪಿದ ದಿನ ಅವ್ವನ ಫೋನು ಬಂತು. ‘ಏನೋ ಇದು, ನಾಕು ಕಾಳು ನೆಲ್ಲು? ಕ್ಯಾಥೊಲಿಕ್‌ರದ್ದು ಅಂತ ಬರ್ದಾರ. ತಿನ್ನೂದೇನು, ಇಟ್ಕೊಳ್ಳೂದೇನು?’

‘ತಿನ್ನು ಅವ್ವಾ. ಹಾಲು ಬೆಲ್ಲ ಹಾಕಿ.’

‘ನಾಕು ಕಾಳಿಗೆ ಎಷ್ಟ್ ಬೆಲ್ಲಾ ಹಾಕ್ಲಿ?’

ಆಂಟಿಯ ನಂಬರ್ ಕೊಟ್ಟೆ. ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರಂತೆ, ಒಬ್ಬರದು ಮಂಗಳೂರು ಕನ್ನಡ, ಒಬ್ಬರದು ಧಾರವಾಡದ್ದು. ಡಿಸೆಂಬರ್‌ನಲ್ಲಿ ಆಂಟಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿ ಕಳಿಸುತ್ತಾರೆ, ಅವ್ವ ಕರ್ಚಿಕಾಯಿ ಮತ್ತು ಚಕ್ಕುಲಿ ಕಳಿಸುತ್ತಾಳೆ ಅಂತ ತೀರ್ಮಾನವಾಗಿದೆ. ಕೊರಿಯರ್ ಖರ್ಚು ನಮ್ಮಿಬ್ಬರದು.